ಬಿಚ್ಚದ ಜೇಬು

ಕತ್ತರಿಯಕ್ಕನ ಬಾಯಿಗೆ ಬೀಗವಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಹದಿನೇಳು ವರ್ಷದಿಂದ ಒಂದೇ ಕೋಣೆಯಲ್ಲಿ, ಒಂದೇ ಹೊಲಿಗೆ ಯಂತ್ರದ ಮುಂದೆ ಕೂತು, ಇಡೀ ಬೀದಿಯ ಹೊಟ್ಟೆ ಬೆಳೆದದ್ದನ್ನೂ ಇಳಿದದ್ದನ್ನೂ ಟೇಪು ಹಿಡಿದು ಅಳೆದವಳು ಆಕೆ. ಯಾರ ಸೊಂಟ ಎಷ್ಟು ಎಂದು ಇವತ್ತಿನವರೆಗೆ ಇನ್ನೊಬ್ಬರಿಗೆ ಹೇಳಿದವಳಲ್ಲ. ಅಷ್ಟು ದೊಡ್ಡ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವಳಿಗೆ ಉಳಿದ ವಿಷಯದಲ್ಲಿ ನಾಲ್ಕು ಮಾತು ಹೆಚ್ಚಿಗೆ ಆಡುವ ಹಕ್ಕಿಲ್ಲವೇ?

ಅಂಗಡಿ ಎಂದರೆ ದೊಡ್ಡದೇನಲ್ಲ. ಮಹಡಿ ಮೆಟ್ಟಿಲ ಕೆಳಗೆ ಉಳಿದಿದ್ದ ಜಾಗಕ್ಕೆ ಬಾಗಿಲು ಕೂರಿಸಿ ಅಂಗಡಿ ಎಂದು ಕರೆದದ್ದು. ಒಂದು ಯಂತ್ರ, ಒಂದು ಇಸ್ತ್ರಿ ಮೇಜು, ಮೊಳೆಗಳಿಗೆ ನೇತುಹಾಕಿದ ಬಟ್ಟೆಗಳು, ಮೂಲೆಯಲ್ಲಿ ಬಟ್ಟೆ ಹಾಕಿ ನೋಡುವವರಿಗೆ ಒಂದು ನೀಲಿ ಪರದೆ. ಒಳಗೆ ಬಂದವರು ತಲೆ ಬಗ್ಗಿಸದಿದ್ದರೆ ಮೆಟ್ಟಿಲು ತಾಗುತ್ತದೆ. ಹೊಸ ಗಿರಾಕಿಗಳು ಒಮ್ಮೆಯಾದರೂ ಬಡಿಸಿಕೊಂಡೇ ಕಲಿಯುತ್ತಾರೆ. "ಬಗ್ಗಿ ಬನ್ನಿ, ಇಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ" ಎನ್ನುತ್ತಾಳೆ ಅಕ್ಕ. ತಾನು ಮಾತ್ರ ಕೂತ ಜಾಗ ಬಿಟ್ಟು ಏಳುವುದಿಲ್ಲವಾದ್ದರಿಂದ ಅವಳಿಗೆ ಬಗ್ಗುವ ಪ್ರಸಂಗ ಬರುವುದಿಲ್ಲ.

ಅವಳ ಮುಖ್ಯ ಕೆಲಸ ಶಾಲೆ ಕಾಲೇಜು ಮಕ್ಕಳ ಸಮವಸ್ತ್ರ. ಅದರಲ್ಲೂ ವಿಜ್ಞಾನ ಓದುವವರ ಬಿಳಿ ಲ್ಯಾಬ್ ಕೋಟು ಎಂದರೆ ಕತ್ತರಿಯಕ್ಕನದೇ ಆಗಬೇಕು. ಹೊಸ ಕೋಟು ಹೊಲಿದ ಮೇಲೆ ಎದೆಯ ಜೇಬಿನ ಬಾಯಿಗೆ ಹಳದಿ ದಾರದಲ್ಲಿ ನಾಲ್ಕು ಕಚ್ಚಾ ಹೊಲಿಗೆ ಹಾಕಿ ಮುಚ್ಚಿಬಿಡುತ್ತಾಳೆ. ಇಸ್ತ್ರಿ ಮಾಡಿ ಮಡಚುವಾಗ ಜೇಬು ಬಾಯಿ ಬಿಟ್ಟುಕೊಂಡು ಜೋಲಬಾರದು ಎಂದು. ಮೊದಲ ದಿನ ಪೆನ್ನು ಸಿಕ್ಕಿಸುವಾಗ ಒಂದು ಎಳೆ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಎರಡು ವರ್ಷ ಆದಮೇಲೆ ಅದೇ ಕೋಟುಗಳು ವಾಪಸ್ಸು ಬರುತ್ತವೆ, ತಮ್ಮನಿಗೋ ಚಿಕ್ಕಪ್ಪನ ಮಗಳಿಗೋ ಗಿಡ್ಡ ಮಾಡಿಕೊಡಿ ಅಂತ. ಆಗ ಅಕ್ಕ ಮೊದಲು ನೋಡುವುದು ಅಳತೆಯನ್ನಲ್ಲ, ಜೇಬನ್ನು.

ಮೋರಿ ಪಕ್ಕದ ಹಳೇ ಕಾಲೇಜಿನ ಕೋಟುಗಳನ್ನು ಮುಟ್ಟಲು ಹೇಸಿಗೆಯಾಗುತ್ತದೆ. ತೋಳು ಸುಟ್ಟು ತೂತು, ಮುಂಭಾಗದಲ್ಲಿ ನೀಲಿ ಹಸಿರು ಕಂದು ಕಲೆ, ಜೇಬಿನ ಮೂಲೆ ಹರಿದು ಜೋತಾಡುತ್ತಿರುತ್ತದೆ. ಊರಿಗೇ ಹೊಸದಾಗಿ ಎದ್ದಿರುವ ಗಾಜಿನ ಕಾಲೇಜಿನ ಕೋಟುಗಳೋ, ಅಯ್ಯೋ, ಹಾಲಿನಲ್ಲಿ ತೊಳೆದ ಹಾಗೆ! ಎರಡು ವರ್ಷ ಕಳೆದರೂ ಗುಂಡಿ ಮಿರಮಿರ ಮಿಂಚುತ್ತದೆ, ಜೇಬಿನ ಮೇಲೆ ಅಕ್ಕನ ಹಳದಿ ದಾರ ಹಾಕಿದ ಹಾಗೇ ಕೂತಿರುತ್ತದೆ. ಈ ವರ್ಷ ಅಲ್ಲಿಂದ ಬಂದ ಹತ್ತೊಂಬತ್ತು ಕೋಟಿನಲ್ಲಿ ಹದಿನಾಲ್ಕಕ್ಕೆ ಜೇಬೇ ಬಿಚ್ಚಿರಲಿಲ್ಲ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೈಯೂ ಕೆಸರಾಗಿಲ್ಲ, ಕೋಟೂ ಕೆಸರಾಗಿಲ್ಲ. ಮೊಸರು ಎಲ್ಲಿಂದ ಬರುತ್ತೆ?" ಎಂದು ಅವಳು ಬಂದವರೆದುರೆಲ್ಲ ಹೇಳುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗಾಜಿನ ಕಾಲೇಜಿನ ಎದುರು ಅರ್ಜಿ ಹಿಡಿದವರ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಲೇ ಇತ್ತು.

ಅಷ್ಟು ಬಿಸಿಯಾಗಿ ಮಾತಾಡಲು ಅವಳಿಗೊಂದು ಕಾರಣವಿತ್ತು. ಹದಿನಾರನೇ ವಯಸ್ಸಿನಲ್ಲಿ ಲೆಕ್ಕದಲ್ಲಿ ಶಾಲೆಗೇ ಮೊದಲು ಬಂದವಳು ಅವಳು. ಮುಂದೆ ಏನು ಓದಿಸಬೇಕು ಎಂದು ಅಪ್ಪ ಮತ್ತು ಸೋದರಮಾವ ಹೊರಗಿನ ಕೋಣೆಯಲ್ಲಿ ಕೂತು ಮಾತಾಡಿದರು. ಇವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಒಂದು ಲೋಟ ಚಹಾ ಮುಗಿಯುವುದರೊಳಗೆ ತೀರ್ಮಾನವಾಯಿತು: ಪಕ್ಕದ ಬೀದಿಯಲ್ಲೇ ಹೊಲಿಗೆ ತರಗತಿ ಇದೆ, ಹತ್ತಿರ, ಹುಡುಗಿಗೆ ಸಾಕು. ಬಾಗಿಲ ಹಿಂದೆ ಇದ್ದವಳನ್ನು ಕರೆದು ಕೇಳಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಲಿಗೆ ಅವಳಿಗೆ ಅನ್ನ ಹಾಕಿತು, ಮರ್ಯಾದೆ ಕೊಟ್ಟಿತು, ಅದೆಲ್ಲ ಸರಿ. ಆದರೆ ಆ ಒಂದು ಲೋಟ ಚಹಾವನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಈಗ ಅವಳ ಮಗಳಿಗೆ ಹದಿನಾರು. ಹೈಸ್ಕೂಲು ಮುಗಿಯಿತು, ಫಲಿತಾಂಶ ಬಂತು, ಒಳ್ಳೆಯ ಅಂಕವೇ ಬಂತು. ಮಾತು ಕಡಿಮೆಯ ಹುಡುಗಿ. ಅಮ್ಮನ ಬಾಯಿ ಬರಲಿಲ್ಲ, ಅಪ್ಪನ ಮೌನ ಬಂದಿದೆ ಎನ್ನುತ್ತಿದ್ದರು. ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ದಿನವಿಡೀ ಒಂದೊಂದೇ ವಿಳಾಸ ಓದಿ ಒಂದೊಂದೇ ಗೂಡಿಗೆ ಹಾಕುವ ಕೆಲಸದಲ್ಲಿ ಮಾತು ಎಲ್ಲಿಂದ ಬರಬೇಕು? ಅದರಲ್ಲೂ ತನ್ನ ಅಣ್ಣನ ಎದುರು ಅವನು ಬಾಯಿ ತೆರೆಯುತ್ತಿದ್ದುದು ಆಕಳಿಸಲು ಮಾತ್ರ.

ಆ ಅಣ್ಣ, ಅಕ್ಕನಿಗೆ ಭಾವ, ಮಗಳಿಗೆ ದೊಡ್ಡಪ್ಪ, ಸೋಮವಾರ ಬೆಳಿಗ್ಗೆಯೇ ತಮ್ಮನನ್ನು ಹಿಂದಿಟ್ಟುಕೊಂಡು ಅಂಗಡಿಗೆ ಬಂದರು. ತಲೆ ಬಗ್ಗಿಸುವ ಅಭ್ಯಾಸವಿಲ್ಲದ ಮನುಷ್ಯ, ಟಪ್ ಎಂದು ಬಡಿಸಿಕೊಂಡರು. ಹಣೆ ಉಜ್ಜಿಕೊಳ್ಳುತ್ತಲೇ ನುಣುಪು ಕಾಗದದ ಪುಸ್ತಿಕೆಯೊಂದನ್ನು ಯಂತ್ರದ ಮೇಲಿಟ್ಟರು. ಮುಖಪುಟದಲ್ಲಿ ಗಾಜಿನ ಕಾಲೇಜು, ಅದರ ಮುಂದೆ ಹಲ್ಲು ಬಿಟ್ಟು ನಗುವ ನಾಲ್ಕು ಮಕ್ಕಳು.

"ಎಲ್ಲಾ ಮಾತಾಡಿ ಮುಗಿಸಿದೀನಮ್ಮ. ಅಲ್ಲಿ ಆಡಳಿತ ಮಂಡಳಿಲಿ ನಮ್ಮ ಸ್ನೇಹಿತರಿದಾರೆ. ಸೀಟು ಸಿಕ್ಕ ಹಾಗೇ. ಶನಿವಾರ ಸಂಜೆ ಐದು ಗಂಟೆಗೆ ಕೊನೆ. ಅಷ್ಟರಲ್ಲಿ ಒಂದು ಸಹಿ ಹಾಕಿದ್ರೆ ಆಯ್ತು."

"ಅಣ್ಣ ಹೇಳಿದ್ಮೇಲೆ ಇನ್ನೇನು" ಎಂದ ತಮ್ಮ.

"ಭಾವ, ನೀವು ಒಳಗೆ ಹೋಗಿ ನೋಡಿದೀರಾ?" ಎಂದಳು ಅಕ್ಕ, ಪೆಡಲಿನ ಮೇಲಿಂದ ಕಾಲು ತೆಗೆಯದೆ.

"ನೋಡದೇನು? ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಸಭಾಂಗಣ ಏನು, ಕುರ್ಚಿ ಏನು! ಬೆನ್ನಿಗೆ ಮೆತ್ತೆ ಇದೆ."

"ಓದೋದು ಬೆನ್ನಿಂದ ಅಲ್ವಲ್ಲ ಭಾವ" ಎಂದು ಅಕ್ಕ ಎದ್ದಳು. ಮೊಳೆಯಿಂದ ಎರಡು ಕೋಟು ತೆಗೆದು ಇಸ್ತ್ರಿ ಮೇಜಿನ ಮೇಲೆ ಹರಡಿದಳು. ಒಂದು ಹಳೇ ಕಾಲೇಜಿನದು, ತೂತು ಬಿದ್ದದ್ದು. ಇನ್ನೊಂದು ಗಾಜಿನ ಕಾಲೇಜಿನದು, ಹಳದಿ ದಾರ ಹಾಗೇ ಇದ್ದದ್ದು. "ಇದು ನಾನೇ ಹಾಕಿದ ಹೊಲಿಗೆ. ಎರಡು ವರ್ಷ ಆ ಮಗು ಲ್ಯಾಬಿಗೆ ಹೋಗಿ ಒಂದು ಸಲನಾದ್ರೂ ಜೇಬಿಗೆ ಕೈ ಹಾಕಿದ್ರೆ ಇದು ಇರ್ತಿತ್ತಾ? ಹೊರಗೆ ಥಳಕು, ಒಳಗೆ ಹುಳುಕು. ನನ್ನ ಮಗಳು ಓದೋದು ಈ ಕಾಲೇಜಲ್ಲಿ" ಎಂದು ತೂತಿನ ಕೋಟನ್ನು ಬಡಿದಳು.

ಭಾವ ನಕ್ಕರು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. "ಜೇಬು ನೋಡಿ ಕಾಲೇಜು ಆರಿಸ್ತಾರೇನಮ್ಮಾ? ನಾಳೆ ಚಪ್ಪಲಿ ಹೊಲಿಯೋನು ಅಟ್ಟೆ ನೋಡಿ ಗಂಡು ಹುಡುಕ್ತಾನೆ."

"ಹುಡುಕಿದ್ರೆ ತಪ್ಪೇನು? ಯಾರು ಎಷ್ಟು ನಡೀತಾರೆ ಅಂತ ಅವನಿಗಾದ್ರೂ ಗೊತ್ತಿರುತ್ತೆ."

ಮಾತಿಗೆ ಮಾತು ಬೆಳೆಯಿತು. ಒಬ್ಬರು ಗಾಜಿನ ಕಾಲೇಜು ಎಂದರು, ಒಬ್ಬಳು ಹಳೇ ಕಾಲೇಜು ಎಂದಳು, ನಡುವೆ ಅಂಚೆಯವನು ಯಾವ ಗೂಡಿಗೂ ಸೇರದ ಕಾಗದದಂತೆ ನಿಂತಿದ್ದ. ಭಾವ ಪುಸ್ತಿಕೆ ಅಲ್ಲೇ ಬಿಟ್ಟು ಹೋದರು. ಅವರು ಹೋದಮೇಲೆ ನೀಲಿ ಪರದೆ ಸರಿಸಿಕೊಂಡು ಮಗಳು ಹೊರಬಂದಳು. ಗುಂಡಿ ಡಬ್ಬಿ ಜೋಡಿಸುತ್ತ ಅಷ್ಟು ಹೊತ್ತೂ ಅಲ್ಲೇ ಇದ್ದಳು. ಅಮ್ಮ ಅವಳನ್ನು ಏನೂ ಕೇಳಲಿಲ್ಲ.

ಅಂದೇ ಸಂಜೆ ಅಕ್ಕ ಮಗಳಿಗೆಂದು ಒಂದು ಹೊಸ ಲ್ಯಾಬ್ ಕೋಟು ಕತ್ತರಿಸಿದಳು. ಒಳ್ಳೆಯ ಗಟ್ಟಿ ಬಟ್ಟೆ, ಎರಡು ಸಾಲು ಹೊಲಿಗೆ, ಸುಟ್ಟರೂ ಜಗ್ಗಬಾರದು. ಜೇಬಿಗೆ ಹಳದಿ ದಾರ ಹಾಕಿ ಮಡಚಿಟ್ಟಳು.

ಮಂಗಳವಾರ ಕತ್ತರಿಯಕ್ಕನ ಅಂಗಡಿ ಬಾಗಿಲು ಹಾಕಿತ್ತು. ಬೀದಿಯಲ್ಲಿ ಗುಸುಗುಸು ಶುರುವಾಯಿತು. ಜ್ವರ ಬಂದಾಗಲೂ ಹಾಕದ ಬಾಗಿಲು! ಆಕೆ ಕುತ್ತಿಗೆಗೆ ಟೇಪು ಹಾಕಿಕೊಂಡು ಮಗಳನ್ನು ಕರೆದುಕೊಂಡು ಕಾಲೇಜು ನೋಡಲು ಹೊರಟಿದ್ದಳು.

ಗಾಜಿನ ಕಾಲೇಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಸೋಫಾ, ಗೋಡೆ ತುಂಬ ಟಿವಿ ಪರದೆ, ಪರದೆಯಲ್ಲಿ ಅದೇ ನಾಲ್ಕು ಮಕ್ಕಳು ನಗುತ್ತಿದ್ದರು. ಲ್ಯಾಬು ನೋಡಬೇಕು ಎಂದರೆ ಸ್ವಾಗತದ ಹುಡುಗಿ, "ಭೇಟಿ ದಿನ ಬನ್ನಿ ಮೇಡಂ, ಅವತ್ತು ಎಲ್ಲಾ ತೋರಿಸ್ತೀವಿ" ಎಂದಳು. ಅಕ್ಕ ಸರಿ ಎಂದು ಹೊರಬಂದು, ಕಟ್ಟಡ ಸುತ್ತು ಹಾಕಿ, ಹಿಂಬಾಗಿಲಿನಿಂದ ಹೊಕ್ಕಳು. ಕಾವಲಿನವನು ತಡೆದರೆ ಟೇಪು ಎತ್ತಿ ತೋರಿಸಿ "ಕೋಟಿನ ಅಳತೆ" ಎಂದಳು. ಕುತ್ತಿಗೆಯಲ್ಲಿ ಟೇಪು ಇರುವವರನ್ನು ಲೋಕದಲ್ಲಿ ಯಾರೂ ತಡೆಯುವುದಿಲ್ಲ.

ಲ್ಯಾಬಿನ ಬೀಗ ತೆಗೆದ ಸಹಾಯಕ ವಯಸ್ಸಾದವನು. ಸ್ಟೂಲುಗಳ ಮೇಲೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಅಕ್ಕ ನಲ್ಲಿ ತಿರುಗಿಸಿದಳು, ಕೆಮ್ಮಿದ ಹಾಗೆ ಸದ್ದಾಯಿತೇ ಹೊರತು ನೀರು ಬರಲಿಲ್ಲ. "ಪರೀಕ್ಷೆ ಹಿಂದಿನ ವಾರ ತೆಗೀತೀವಿ ಅಕ್ಕಾ. ಮಿಕ್ಕಿದ ದಿನ ಪಾಠ ಎಲ್ಲಾ ಪರದೆ ಮೇಲೇ" ಎಂದು ಅವನು ದನಿ ತಗ್ಗಿಸಿ ಹೇಳಿದ. ಅಕ್ಕ ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಹಳೇ ಕಾಲೇಜಿಗೆ ಹೋಗುವಾಗ ಮೋರಿಯ ವಾಸನೆಗೆ ಇಬ್ಬರೂ ಮೂಗು ಮುಚ್ಚಿಕೊಂಡರು. ಒಳಗೆ ಲ್ಯಾಬಿನ ವಾಸನೆ ಅದಕ್ಕಿಂತ ಜೋರಾಗಿತ್ತು. ಮೇಷ್ಟ್ರೊಬ್ಬರು "ಅದನ್ನ ಮೂಸಬೇಡ್ವೋ, ಮೂಗು ಹೋಗುತ್ತೆ!" ಎಂದು ಗದರುತ್ತಿದ್ದರು, ಮಕ್ಕಳು ಮೂಸುತ್ತಲೇ ಇದ್ದರು. ಅಕ್ಕನಿಗೆ ಕಣ್ಣು ತುಂಬಿ ಬಂತು. ನಾನು ಇಲ್ಲಿಗೆ ಬರಬೇಕಾಗಿತ್ತು ಎಂದುಕೊಂಡಳು. ಲೆಕ್ಕದ ತರಗತಿಯ ಕಿಟಕಿಯಲ್ಲಿ ನಿಂತು ಕರಿಹಲಗೆ ನೋಡಿದಳು. ಅರ್ಧ ಅರ್ಥವಾಯಿತು, ಇನ್ನರ್ಧ ಆಗಲಿಲ್ಲ.

"ಇದೇ ಕಣೇ. ಮುಗೀತು. ಇದೇ ನಿನ್ನ ಕಾಲೇಜು."

ಮಗಳು ಚೀಲದಿಂದ ಒಂದು ಸಣ್ಣ ನೋಟ್‌ಪುಸ್ತಕ ತೆಗೆದು ಏನೋ ಬರೆದುಕೊಂಡಳು. ಬಸ್ಸಿಗೆ ಕಾಯುವಾಗ ಕೇಳಿದಳು, "ಅಮ್ಮಾ, ನಂಗೆ ಏನು ಓದೋಕೆ ಇಷ್ಟ ಅಂತ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು? ವಿಜ್ಞಾನ."

"ನಾನು ಯಾವತ್ತು ಹಾಗಂದೆ?"

ಅಕ್ಕ ಬಾಯಿ ತೆರೆದಳು. ಯಾವತ್ತು ಅಂದಳು? ನೆನಪಾಗಲಿಲ್ಲ.

"ನಂಗೆ ಭೂಗೋಳ ಓದ್ಬೇಕಮ್ಮ. ನಕ್ಷೆ ಮಾಡೋದು ಕಲೀಬೇಕು. ಬಸ್ ಡಿಪೋ ಹಿಂದೆ ಇದೆಯಲ್ಲ, ಆ ಕಾಲೇಜಲ್ಲಿ ಅದಿದೆ. ಈ ಎರಡರಲ್ಲೂ ಇಲ್ಲ."

"ಆ ಕಾಲೇಜಾ? ಅದೂ ಒಂದು ಕಾಲೇಜಾ? ಅಲ್ಲಿಂದ ಒಬ್ರೂ ನನ್ನ ಅಂಗಡಿಗೆ ಬಂದಿದ್ದು ನಾ ಕಾಣೆ!"

"ಅಲ್ಲಿ ಯಾರೂ ಲ್ಯಾಬ್ ಕೋಟು ಹಾಕಲ್ಲಮ್ಮ. ಅದಕ್ಕೇ ಬಂದಿಲ್ಲ. ಕೋಟು ಇಲ್ದಿದ್ರೆ ನಿನ್ನ ಪಾಲಿಗೆ ಕಾಲೇಜೇ ಇಲ್ಲ. ದೊಡ್ಡಪ್ಪಂಗೆ ಕುರ್ಚಿ, ನಿಂಗೆ ಕೋಟು."

ಬಸ್ಸು ಬಂತು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. ಮಗಳಿಗಾಗಿ ಅಂಗಡಿ ಬಾಗಿಲು ಮುಚ್ಚಿ, ಹಿಂಬಾಗಿಲಿನಿಂದ ನುಗ್ಗಿ, ಭಾವನನ್ನು ಎದುರು ಹಾಕಿಕೊಂಡ ತಾಯಿಗೆ ಇದಾ ಮಾತು? ಮನೆ ಬರುವವರೆಗೆ ಮುಖ ಕಿಟಕಿ ಕಡೆ ತಿರುಗಿಸಿ ಕೂತಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಭಾವನದು ಎಂದು ಆಡಿಕೊಂಡು ನಕ್ಕವಳಲ್ಲವೇ ಅವಳು? ಈಗ ಯಾರು ಯಾರನ್ನು ಆಡಿಕೊಳ್ಳಬೇಕು?

ಅಂಗಡಿಯ ಬೀಗ ತೆಗೆದು ಒಳಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ನೀಲಿ ಪರದೆ. ನಿನ್ನೆ ಇಬ್ಬರು ದೊಡ್ಡವರು ಕೂಗಾಡುವಾಗ ಆ ಪರದೆಯ ಹಿಂದೆ ಮಗಳು ನಿಂತಿದ್ದಳು. ಅಕ್ಕ ಸ್ಟೂಲಿನ ಮೇಲೆ ಕೂತಳು. ಅಯ್ಯೋ ದೇವರೇ, ಚಹಾದ ಲೋಟ ಒಂದಿರಲಿಲ್ಲ, ಅಷ್ಟೇ. ಮಡಚಿಟ್ಟ ಹೊಸ ಕೋಟು ಎದುರಿಗೇ ಇತ್ತು. ಹದಿನೇಳು ವರ್ಷದಲ್ಲಿ ಅಳತೆ ತೆಗೆದುಕೊಳ್ಳದೆ ಯಾರ ಬಟ್ಟೆಗೂ ಕತ್ತರಿ ಹಾಕದವಳು, ತನ್ನ ಮಗಳಿಗೇ ಹಾಗೆ ಹಾಕಿಬಿಟ್ಟಿದ್ದಳು. ಅವಳು ತನ್ನನ್ನೇ ಜೋರಾಗಿ ಬೈದುಕೊಂಡಳು. ಎದುರಿನ ಜೆರಾಕ್ಸ್ ಅಂಗಡಿಯವನು ಯಾರೋ ಗಿರಾಕಿ ಅಕ್ಕನ ಬಾಯಿಗೆ ಸಿಕ್ಕಿಬಿದ್ದ ಅಂದುಕೊಂಡ.

ಹಾಗೆಂದು ಸೋಲೊಪ್ಪಿಕೊಳ್ಳುವ ಹೆಂಗಸಲ್ಲ. ಗುರುವಾರ ಮಗಳ ಹಿಂದೆ ಡಿಪೋ ಕಾಲೇಜಿಗೆ ಹೋದಳು, ತಪ್ಪು ಹುಡುಕಲೆಂದೇ. ತಪ್ಪುಗಳು ಬೇಕಾದಷ್ಟಿದ್ದವು. ಎರಡು ಬಸ್ಸು ಬದಲಾಯಿಸಬೇಕು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ದೀಪವಿಲ್ಲ, ಒಂದರ ಚಿಲಕ ಕಿತ್ತುಹೋಗಿದೆ. ಬಸ್ಸಿನ ಹೊಗೆ ನೇರ ತರಗತಿಗೆ. "ಬರ್ಕೋ, ಇದನ್ನೂ ಬರ್ಕೋ" ಎಂದು ಅಕ್ಕ ಹೇಳುತ್ತಿದ್ದಳು. ಮಗಳು ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಹಿಂದಿನ ಪುಟ ತೆರೆದು ಅಮ್ಮನ ಕೈಗೆ ಕೊಟ್ಟಳು.

ಅಕ್ಕ ಓದಿದಳು. ಪರೀಕ್ಷೆ ಮುಗಿದ ದಿನದಿಂದ ಹುಡುಗಿ ಸುಮ್ಮನೆ ಕೂತಿರಲಿಲ್ಲ. ಗೆಳತಿಯ ಮನೆಗೆಂದು ಹೇಳಿ ಮೂರು ಕಾಲೇಜಿನ ಗೇಟಿನ ಎದುರೂ, ಬಿಡುವ ಹೊತ್ತಿಗೆ, ಮೂರು ಮೂರು ದಿನ ನಿಂತಿದ್ದಳು. ಹೊರಗೆ ಬರುವವರನ್ನು ಮೂರೇ ಪ್ರಶ್ನೆ ಕೇಳಿದ್ದಳು. ಕೊನೇ ಸಲ ಲೈಬ್ರರಿಯಿಂದ ಪುಸ್ತಕ ತಂದಿದ್ದು ಯಾವಾಗ? ಪಾಠ ಅರ್ಥವಾಗದಿದ್ದರೆ ಯಾರ ಹತ್ತಿರ ಹೋಗುತ್ತೀರಿ? ನಿಮ್ಮ ತಮ್ಮನನ್ನೋ ತಂಗಿಯನ್ನೋ ಇಲ್ಲಿಗೇ ಸೇರಿಸುತ್ತೀರಾ? ಯಾರು ಏನಂದರು ಎಂದು ಸಾಲು ಸಾಲಾಗಿ ಬರೆದಿತ್ತು. ಗಾಜಿನ ಕಾಲೇಜಿನ ಪುಟದಲ್ಲಿ ಮೂರನೇ ಪ್ರಶ್ನೆಗೆ ಬಹಳ ಜನ ನಕ್ಕು ಹೋಗಿದ್ದರು. "ನಕ್ಕರು" ಎಂದೇ ಅವಳು ಬರೆದಿದ್ದಳು. ಹಳೇ ಕಾಲೇಜಿನವರು ವಿಜ್ಞಾನಕ್ಕಾದರೆ ಖಂಡಿತ ಎಂದಿದ್ದರು. ಡಿಪೋ ಕಾಲೇಜಿನ ಒಬ್ಬ ಹುಡುಗಿ, "ಸೇರಿಸ್ತೀನಿ ಅನ್ನೋದೇನು, ನನ್ನ ತಂಗಿ ಹಿಂದೆ ಬರ್ತಿದಾಳೆ ನೋಡಿ, ಅವಳನ್ನೇ ಕೇಳಿ" ಎಂದಿದ್ದಳಂತೆ.

ನಕ್ಷೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಒಂದು ದೊಡ್ಡ ನಕ್ಷೆ ಹಾಸಿತ್ತು. ಅಕ್ಕನ ಕೈ ತಾನಾಗಿ ಅದರ ಮಡಿಕೆಯ ಮೇಲೆ ಹೋಯಿತು. ಮಂಡಿಯ ಹತ್ತಿರ ಸವೆದ ಪ್ಯಾಂಟಿನ ಹಾಗೆ ಮಡಿಕೆಗಳೆಲ್ಲ ಸವೆದಿದ್ದವು. ಹಿಂದೆ ಯಾರೋ ಬಟ್ಟೆ ಪಟ್ಟಿ ಅಂಟಿಸಿದ್ದರು, ಅದೂ ಸವೆದು ಹೋಗಿತ್ತು. ದಿನಾ ಬಿಚ್ಚಿ ಮಡಚಿದ್ದು ಎಂದು ಅವಳ ಬೆರಳಿಗೇ ಗೊತ್ತಾಯಿತು. ಆದರೂ ಪೂರ್ತಿ ಒಪ್ಪಿಗೆ ಎಂದೇನಲ್ಲ. ನಕ್ಷೆ ಮಾಡಿ ಹೊಟ್ಟೆ ತುಂಬುತ್ತದೆಯೇ ಎಂಬ ಅನುಮಾನ, ಎರಡು ಬಸ್ಸಿನ ಭಯ, ಮೋರಿ ಪಕ್ಕದ ಲ್ಯಾಬಿನ ಆಸೆ ಮೂರೂ ಹೊಟ್ಟೆಯಲ್ಲಿ ಹಾಗೇ ಇದ್ದವು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಭಾವ ಬಂದರು. ಈ ಸಲ ಬಗ್ಗಿ ಬಂದರು, ಆದರೆ ಬಗ್ಗಿದ್ದು ತಲೆ ಮಾತ್ರ. ಅರ್ಜಿಯನ್ನು ತಾವೇ ತುಂಬಿಸಿ ತಂದಿದ್ದರು. ಹುಡುಗಿಯ ಹೆಸರು, ಅಂಕ, ವಿಷಯ, ಎಲ್ಲ ದುಂಡಗಿನ ಅಕ್ಷರದಲ್ಲಿ. ಇಸ್ತ್ರಿ ಮೇಜಿನ ಮೇಲಿಟ್ಟು ತಮ್ಮನ ಕೈಗೆ ಪೆನ್ನು ಕೊಟ್ಟರು. "ಹಾಕು. ಎರಡು ಗಂಟೆ ಉಳಿದಿದೆ."

ತಮ್ಮ ಪೆನ್ನಿನ ಮುಚ್ಚಳ ತೆಗೆದ.

"ರೀ, ನಿಲ್ಲಿಸಿ" ಎಂದಳು ಅಕ್ಕ. "ಭಾವ, ಆ ಕಾಗದದಲ್ಲಿ ವಿದ್ಯಾರ್ಥಿಯ ಇಚ್ಛೆ ಅಂತ ಒಂದು ಸಾಲಿದೆ. ಅದನ್ನ ತುಂಬಿಸಿದ್ದು ಯಾರು?"

"ನಾನೇ. ಯಾಕೆ?"

"ನೀವಾ ವಿದ್ಯಾರ್ಥಿ?" ಎಂದು ಅಕ್ಕ ಎದ್ದು ಹೋಗಿ ನೀಲಿ ಪರದೆಯನ್ನು ಒಂದೇ ಎಳೆತಕ್ಕೆ ಸರಿಸಿದಳು. ಎಷ್ಟು ಜೋರಾಗಿ ಎಂದರೆ ಕಂಬಿಗೆ ಸಿಕ್ಕಿಸಿದ್ದ ಎರಡು ಬಳೆ ಕಿತ್ತು ಪರದೆ ಅರ್ಧ ಜೋತುಬಿತ್ತು. ಹಿಂದೆ ಮಗಳು ನಿಂತಿದ್ದಳು, ಕೈಯಲ್ಲಿ ಡಿಪೋ ಕಾಲೇಜಿನ ಅರ್ಜಿ. "ಬಾರೇ ಈಚೆಗೆ. ಪರದೆ ಹಿಂದೆ ನಿಂತು ಕೇಳಿಸ್ಕೊಳ್ಳೋ ಕಾಲ ನನ್ನ ತಲೆಗೇ ಮುಗೀಲಿ. ಹೇಳು."

ಮಗಳು ಹೇಳಿದಳು. ನೋಟ್‌ಪುಸ್ತಕ ತೆರೆದು ಹಿಡಿದಿದ್ದಳು, ಮಾತು ಒಂದೂ ತಪ್ಪಲಿಲ್ಲ. ಏನು ಓದಬೇಕು, ಯಾಕೆ ಓದಬೇಕು, ಮೂರು ಕಾಲೇಜಿನಲ್ಲಿ ಏನೇನು ಕಂಡೆ, ಡಿಪೋ ಕಾಲೇಜಿನಲ್ಲಿ ಏನೇನು ಸರಿಯಿಲ್ಲ ಎಂಬುದನ್ನೂ ಓದಿದಳು. ಶೌಚಾಲಯದ ಚಿಲಕವನ್ನೂ ಬಿಡಲಿಲ್ಲ.

ಭಾವನ ಮುಖ ಕೆಂಪಾಯಿತು. "ಡಿಪೋ ಹಿಂದಿನ ಕಾಲೇಜು! ಜನ ಕೇಳಿದ್ರೆ ಏನಂತ ಹೇಳ್ಲಿ ನಾನು? ನಮ್ಮ ಸ್ನೇಹಿತರಿಗೆ ಮಾತು ಕೊಟ್ಟಿದೀನಿ." ಆಮೇಲೆ ದನಿ ಬದಲಿಸಿ ಅಕ್ಕನ ಕಡೆ ತಿರುಗಿದರು. "ನೀನೇ ಹೇಳಮ್ಮ. ಇದು ನಿಂಗೂ ಇಷ್ಟ ಇಲ್ಲ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಹಳೇ ಕಾಲೇಜು ಬೇಕು ಅಂತಿದ್ದೆ. ಬೇಕಾದ್ರೆ ಅಲ್ಲಿಗೇ ಹಾಕಿಸೋಣ, ನಾನು ಅಡ್ಡ ಬರಲ್ಲ. ಏನಂತೀಯ?"

ಹಳೇ ಕಾಲೇಜು. ಲೆಕ್ಕದ ಕರಿಹಲಗೆ. ಒಂದು ಹೂಂ ಎಂದಿದ್ದರೆ ಸಾಕಿತ್ತು, ಭಾವನೂ ಸೋತ ಹಾಗೆ, ತಾನೂ ಗೆದ್ದ ಹಾಗೆ. ಮಗಳು ಅಮ್ಮನನ್ನೇ ನೋಡುತ್ತಿದ್ದಳು.

"ಬೇಕಿತ್ತು ಭಾವ" ಎಂದಳು ಅಕ್ಕ. "ನಂಗೆ ಬೇಕಿತ್ತು. ಇಪ್ಪತ್ತೈದು ವರ್ಷದ ಹಿಂದೆ. ಆಗ ಯಾರೂ ಕೇಳಲಿಲ್ಲ. ಈಗ ಓದೋಳು ನಾನಲ್ಲ. ಇವಳ ಕಾಲೇಜು ನಂಗೆ ಇನ್ನೂ ಪೂರ್ತಿ ಹಿಡಿಸಿಲ್ಲ, ಸುಳ್ಳು ಯಾಕೆ ಹೇಳ್ಲಿ. ಹಿಡಿಸ್ದೇ ಇದ್ರೂ ಅವಳು ಹೋಗೋದು ಅಲ್ಲಿಗೇ. ಜನ ಕೇಳಿದ್ರೆ ಕತ್ತರಿಯಕ್ಕನ ಹತ್ರ ಕಳ್ಸಿ, ನಾನು ಹೇಳ್ತೀನಿ."

"ಇವಳ ಬಾಯಿಗೆ ನೀನಾದ್ರೂ..." ಎಂದು ಭಾವ ತಮ್ಮನ ಕಡೆ ತಿರುಗಿದರು.

ತಮ್ಮ ಗಾಜಿನ ಕಾಲೇಜಿನ ಅರ್ಜಿಯನ್ನು ನೋಡುತ್ತಿದ್ದ. ಎರಡು ಸಲ ಗಂಟಲು ಸರಿಮಾಡಿಕೊಂಡ. ಮದುವೆಯಾದ ಮೇಲೆ ಅಣ್ಣನ ಎದುರು ಅವನು ಆಡಿದ ಅತಿ ಉದ್ದದ ಮಾತು ಅದು. "ಅಣ್ಣಾ, ದಿನಾ ನೋಡ್ತೀನಿ. ವಿಳಾಸ ತಪ್ಪಿದ್ರೆ ಲಕೋಟೆ ಎಷ್ಟು ಚೆನ್ನಾಗಿದ್ರೂ ವಾಪಸ್ಸೇ ಬರುತ್ತೆ. ಇದನ್ನ ಅವಳೇ ಬರೀಲಿ ಬಿಡಿ." ಎಂದು ಅಣ್ಣನ ಪೆನ್ನನ್ನೇ ಮಗಳಿಗೆ ಕೊಟ್ಟ.

ಭಾವ ಸರ್ರನೆ ಎದ್ದರು. ಸಿಟ್ಟಿನಲ್ಲಿ ಮೆಟ್ಟಿಲು ಮರೆತರು. ಟಪ್ ಎಂದ ಸದ್ದು ಜೆರಾಕ್ಸ್ ಅಂಗಡಿಗೂ ಕೇಳಿಸಿತು. ಪೆನ್ನು ಕೇಳಲೂ ನಿಲ್ಲದೆ ಹೋದರು. ನಾಲ್ಕೂವರೆಗೆ ಮೂವರೂ ಡಿಪೋ ಕಾಲೇಜಿನ ಅರ್ಜಿ ಕಿಟಕಿಯ ಮುಂದೆ ಇದ್ದರು.

ಅಂದಿನಿಂದ ಭಾವ ಅಂಗಡಿಯ ಕಡೆ ತಲೆ ಹಾಕಿಲ್ಲ. ಅವರ ಪ್ಯಾಂಟುಗಳು ಮಾತ್ರ ಬೇರೆಯವರ ಕೈಯಲ್ಲಿ ಬರುತ್ತವೆ, ಯಾರದು ಎಂದು ಹೇಳಬೇಡ ಎಂಬ ಅಪ್ಪಣೆಯೊಂದಿಗೆ. ಸೊಂಟದ ಅಳತೆ ಯಾರದೆಂದು ಅಕ್ಕನಿಗೆ ಗೊತ್ತಾಗದೇ ಇರುತ್ತದೆಯೇ? ಸುಮ್ಮನೆ ಹೊಲಿದು ಕಳಿಸುತ್ತಾಳೆ.

ಅರ್ಜಿ ಕಾಲದಲ್ಲಿ ಮಕ್ಕಳು ಈಗಲೂ ಬಂದು "ಅಕ್ಕಾ, ಯಾವ ಕಾಲೇಜು ಒಳ್ಳೇದು?" ಎಂದು ಕೇಳುತ್ತಾರೆ. ಮೊದಲಾಗಿದ್ದರೆ ಕೋಟು ಹರಡುತ್ತಿದ್ದಳು. ಈಗ ಮೊದಲು "ನಿಂಗೇನು ಬೇಕು?" ಎನ್ನುತ್ತಾಳೆ. ಗೊತ್ತಿಲ್ಲ ಎಂದರೆ ಬೈಯುತ್ತಾಳೆ. ಗೊತ್ತು ಎಂದರೆ, "ಹಾಗಾದ್ರೆ ಗೇಟಿನ ಹತ್ರ ಹೋಗಿ ನಿಂತ್ಕೋ, ಒಳಗೆ ಹೋಗೋರನ್ನಲ್ಲ, ಹೊರಗೆ ಬರೋರನ್ನ ಕೇಳು" ಎಂದು ಮೂರು ಪ್ರಶ್ನೆ ಬಾಯಿಪಾಠ ಮಾಡಿಸಿ ಕಳಿಸುತ್ತಾಳೆ.

ಮಗಳಿಗೆಂದು ಹೊಲಿದಿದ್ದ ಆ ಬಿಳಿ ಕೋಟನ್ನು ಅಕ್ಕ ಬಿಚ್ಚಿಹಾಕಿದ್ದಳು. ಈ ಸಲ ಮಗಳನ್ನೇ ಕೇಳಿ, ಎಷ್ಟು ಉದ್ದ ಎಷ್ಟು ಅಗಲ ಎಂದು ಅಳತೆ ತೆಗೆದುಕೊಂಡು, ಸುತ್ತಿದ ನಕ್ಷೆ ಹಿಡಿಸುವಂಥ ಒಂದು ಉದ್ದನೆಯ ಚೀಲ ಹೊಲಿದಳು. ಕೋಟಿನ ಜೇಬನ್ನೇ ಅದರ ಹೊರಗೆ ಕೂರಿಸಿದಳು. ಹಳದಿ ದಾರ ತೆಗೆಯಲಿಲ್ಲ. "ಅದನ್ನ ಬಿಚ್ಚೋದು ನಿನ್ನ ಕೆಲ್ಸ" ಎಂದಳು.

ಕಾಲೇಜು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಒಂದು ಸಂಜೆ ಅಂಗಡಿ ತುಂಬ ಗಿರಾಕಿಗಳಿದ್ದಾಗ ಮಗಳು ಬಗ್ಗಿ ಒಳಗೆ ಬಂದು ಚೀಲವನ್ನು ಯಂತ್ರದ ಮೇಲಿಟ್ಟಳು. ಬಿಳಿ ಎಂಬುದು ಎಲ್ಲೂ ಉಳಿದಿರಲಿಲ್ಲ. ಶಾಯಿ, ಪೆನ್ಸಿಲಿನ ಪುಡಿ, ಎರಡು ಬಸ್ಸಿನ ಮಸಿ. ಜೇಬು ಒಂದು ಕಡೆ ಪೂರ್ತಿ ಕಿತ್ತು, ತಳ ತೂತಾಗಿ, ಒಳಗಿನಿಂದ ಅಳತೆಕೋಲಿನ ತುದಿ ಇಣುಕುತ್ತಿತ್ತು.

"ನಾಲ್ಕೇ ತಿಂಗಳಿಗಾ! ಇದೇನು ಜೇಬೋ ಹರಕು ಬಾಯೋ? ಎರಡು ಸಾಲು ಹೊಲಿಗೆ ಹಾಕಿದ್ದೆ ಕಣೇ, ಎರಡು ಸಾಲು!" ಎಂದು ಅಕ್ಕ ಬೀದಿಗೆಲ್ಲ ಕೇಳುವ ಹಾಗೆ ಬೈದಳು. ಬೈಯುತ್ತಲೇ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದು, ಆ ಹರಕನ್ನು ಎಲ್ಲ ಗಿರಾಕಿಗಳಿಗೂ ಕಾಣುವಂತೆ ಒಂದು ಸುತ್ತು ತಿರುಗಿಸಿದಳು.

"ಯಾವ ಕಾಲೇಜಮ್ಮ ಇದು?" ಎಂದಳು ಕೋಟು ಹಿಡಿದು ಕಾಯುತ್ತಿದ್ದ ಒಬ್ಬ ತಾಯಿ.

"ನನ್ನನ್ನ ಯಾಕೆ ಕೇಳ್ತೀರಿ?" ಎಂದಳು ಕತ್ತರಿಯಕ್ಕ, ಸೂಜಿಗೆ ದಾರ ಪೋಣಿಸುತ್ತ. "ಅಲ್ಲೇ ನಿಂತಿದಾಳಲ್ಲ, ಅವಳನ್ನ ಕೇಳಿ."